ಹಗುರ ಟ್ರೇಲ್ ಶೂ: ಏನನ್ನು ಕಿತ್ತು ಹಗುರ ಮಾಡಿದ್ದಾರೆ?

ಪ್ರಶ್ನೆ: ನನಗೆ 38 ವರ್ಷ, ತೂಕ 74 ಕೆ.ಜಿ., ಇರುವುದು ಹಾಸನದಲ್ಲಿ. ಎರಡು ವರ್ಷದಿಂದ ಟಾರ್ ರಸ್ತೆಯಲ್ಲಿ ಓಡುತ್ತಿದ್ದೇನೆ, ಹಾಫ್ ಮ್ಯಾರಥಾನ್ ಮುಗಿಸಿದ್ದೇನೆ. ನವೆಂಬರಿನಲ್ಲಿ ಚಿಕ್ಕಮಗಳೂರು ಕಡೆ ಕಾಫಿ ತೋಟ, ಗುಡ್ಡಗಳ ನಡುವೆ 30 ಕಿ.ಮೀ. ಟ್ರೇಲ್ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಮಳೆಗಾಲದಲ್ಲೇ ಸಕಲೇಶಪುರದ ಕಡೆ ತೋಟದ ದಾರಿಗಳಲ್ಲಿ ಅಭ್ಯಾಸ ಶುರು ಮಾಡಬೇಕು. 200 ಗ್ರಾಂ ಆಸುಪಾಸಿನ ಶೂ ತಗೋ, ಕಾಲಿಗೆ ರೆಕ್ಕೆ ಬಂದ ಹಾಗಾಗುತ್ತದೆ ಎನ್ನುತ್ತಾರೆ ಗೆಳೆಯರು. ಅಂಗಡಿಯವರು ನನ್ನ ಪಾದ ನೋಡಿ, ನಿಮ್ಮದು ಚಪ್ಪಟೆ ಪಾದ, ಭಾರದ ವಾಟರ್‌ಪ್ರೂಫ್ ಶೂನೇ ಬೇಕು ಎಂದರು. ನನ್ನ ಪಾದ ಮುಂದುಗಡೆ ಅಗಲ, ಸೈಜು ಯುಕೆ 10. ಬಜೆಟ್ 10–12 ಸಾವಿರ. ಎಷ್ಟು ಹಗುರದ್ದು ತಗೊಳ್ಳಲಿ? ಅದನ್ನೇ ರಸ್ತೆಯಲ್ಲೂ ಹಾಕಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಸೈಜಿನಲ್ಲಿ ಒಂದು ಶೂ 270ರಿಂದ 310 ಗ್ರಾಂ ಒಳಗೆ ಬಂದರೆ ಸಾಕು. ಬೆರಳಿನ ಜಾಗ ಅಗಲ ಇರಲಿ, ಶೂವಿನ ಅಡಿಯ ಸೋಲ್‌ನ ಹಲ್ಲು 4–5 ಮಿ.ಮೀ. ಇರಲಿ, ಮೇಲಿನ ಬಟ್ಟೆ ನೀರು ಸೋರಿಹೋಗುವ ತೆಳು ಮೆಶ್ ಇರಲಿ. ಗೆಳೆಯರು ಹೇಳಿದ 200 ಗ್ರಾಂ ಈ ವರ್ಷ ಬೇಡ. ಅಂಗಡಿಯವರು ಹೇಳಿದ ವಾಟರ್‌ಪ್ರೂಫ್ ಯಾವ ವರ್ಷವೂ ಬೇಡ.

ಯಾಕೆ ಅನ್ನೋದು ಸ್ವಲ್ಪ ಉದ್ದದ ಮಾತು.

ಗೆಳೆಯರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಕಾಲಿನ ತುದಿಯಲ್ಲಿರುವ ತೂಕ ದುಬಾರಿ. ಪ್ರತಿ ಹೆಜ್ಜೆಗೂ ಅದನ್ನು ಎತ್ತಬೇಕು, ಮುಂದಕ್ಕೆ ಬೀಸಬೇಕು, ಮತ್ತೆ ನಿಲ್ಲಿಸಬೇಕು. ಬೆನ್ನಿನ ಚೀಲದಲ್ಲಿ ಅಷ್ಟೇ ತೂಕ ಹೊರುವುದಕ್ಕಿಂತ ಇದಕ್ಕೆ ಹಲವು ಪಟ್ಟು ಜಾಸ್ತಿ ಶಕ್ತಿ ಬೇಕು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು ಇದನ್ನು ಚೆನ್ನಾಗಿ ಅಳೆದಿದ್ದಾರೆ. 2016ರಲ್ಲಿ ಪ್ರಕಟವಾದ ಅಧ್ಯಯನ ಅದು. ಓಟಗಾರರಿಗೆ ಗೊತ್ತಾಗದ ಹಾಗೆ ಶೂಗಳೊಳಗೆ ಸೀಸದ ಸಣ್ಣ ಗುಂಡುಗಳನ್ನು ಸೇರಿಸಿ, ಟ್ರ್ಯಾಕಿನಲ್ಲಿ 3,000 ಮೀಟರ್ ಓಡಿಸಿದರು. ಒಂದು ಶೂಗೆ 100 ಗ್ರಾಂ ಹೆಚ್ಚಾದರೆ ಶಕ್ತಿಯ ಖರ್ಚು ಸುಮಾರು ಶೇ. 1 ಏರಿತು. ಓಟದ ಸಮಯ ಶೇ. 0.78ರಷ್ಟು ಜಾಸ್ತಿಯಾಯಿತು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. 30 ಕಿ.ಮೀ. ಗುಡ್ಡದ ದಾರಿಗೆ ನಿಮಗೆ 5 ಗಂಟೆ ಹಿಡಿಯುತ್ತದೆ ಅಂದುಕೊಳ್ಳಿ. 280 ಗ್ರಾಂ ಬದಲು 210 ಗ್ರಾಂ ಶೂ ಹಾಕಿದರೆ ಉಳಿಯುವುದು 70 ಗ್ರಾಂ. ಟ್ರ್ಯಾಕಿನ ಲೆಕ್ಕವನ್ನೇ ಗುಡ್ಡಕ್ಕೂ ತಂದರೆ, ಸುಮಾರು ಒಂದೂವರೆ ನಿಮಿಷದ ಉಳಿತಾಯ. ಗುಡ್ಡ ಟ್ರ್ಯಾಕ್ ಅಲ್ಲ, ಹಾಗಾಗಿ ಇದು ಅಂದಾಜು ಅಷ್ಟೇ. ಆದರೂ ಎಷ್ಟರ ಮಾತು ಅನ್ನೋದು ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಕಾಲು ಜಾರುತ್ತದೆ ಎಂಬ ಭಯಕ್ಕೆ ಒಂದು ಕಿಲೋಮೀಟರ್ ಬ್ರೇಕ್ ಹಾಕುತ್ತಾ ಇಳಿದರೆ ಆ ಒಂದೂವರೆ ನಿಮಿಷ ಅಲ್ಲೇ ಹೋಯಿತು. ಕಲ್ಲು ಚುಚ್ಚಿ ಅಂಗಾಲು ಉರಿಯುತ್ತಾ ಕೊನೆಯ 8 ಕಿ.ಮೀ. ನಡೆದರೆ ಅರ್ಧ ಗಂಟೆಯೇ ಹೋಗುತ್ತದೆ.

ಅದೇ ಪ್ರಯೋಗಾಲಯದ ಇನ್ನೊಂದು ಅಧ್ಯಯನ 2012ರದ್ದು. ಅದು ನನಗೆ ಇನ್ನೂ ಇಷ್ಟ. ಬರಿಗಾಲ ಓಟಕ್ಕೆ ರೂಢಿಯಾದವರನ್ನೇ ಕರೆದು, ಬರಿಗಾಲಿಗೆ ಸೀಸದ ಪಟ್ಟಿ ಕಟ್ಟಿ ಶೂವಿನಷ್ಟೇ ತೂಕ ಮಾಡಿ ಓಡಿಸಿದರು. ತೂಕ ಸಮ ಇದ್ದಾಗ ಶೂ ಹಾಕಿದ ಕಾಲಿಗೇ ಶಕ್ತಿ ಕಡಿಮೆ ಬೇಕಾಯಿತು. ಮೆತ್ತನೆಯ ಪದರ ಇಲ್ಲದಿದ್ದರೆ ಆ ಕೆಲಸವನ್ನು ಸ್ನಾಯುಗಳೇ ಮಾಡಬೇಕಾಗುತ್ತದೆ ಅನ್ನೋದು ಅದಕ್ಕೆ ಅವರು ಕೊಡುವ ವಿವರಣೆ. ಅಂದರೆ ಶೂನಲ್ಲಿರುವ ಫೋಮ್ ಸುಮ್ನೆ ಹೊರೆಯಲ್ಲ, ತೂಗುವುದರ ಜೊತೆಗೆ ದುಡಿಯುತ್ತದೆ ಕೂಡ.

ಹಾಗಾಗಿ ಹಗುರ ಶೂ ಕೈಗೆ ಬಂದಾಗ ನಾನು ಕೇಳಿಕೊಳ್ಳುವುದು ಒಂದೇ: ಇದರಿಂದ ಏನನ್ನು ಕಿತ್ತಿದ್ದಾರೆ? ಕಂಪನಿಗಳ ಹತ್ತಿರ ಮಂತ್ರದಂಡ ಇಲ್ಲ. ಫೋಮ್ ಹೊಸದಾಗಿರಬಹುದು, ಬಟ್ಟೆ ಹೊಸದಾಗಿರಬಹುದು, ಅಲ್ಲಿ ಒಂದಿಷ್ಟು ಗ್ರಾಂ ನಿಜವಾಗಿಯೂ ಪುಕ್ಕಟೆ ಉಳಿಯುತ್ತದೆ. ಉಳಿದದ್ದೆಲ್ಲ ಎಲ್ಲೋ ಒಂದು ಕಡೆ ಕಡಿದು ತೆಗೆದದ್ದೇ. ಕಡಿದದ್ದು ನಿಮಗೆ ಬೇಡದ್ದಾದರೆ ಸಂತೋಷ. ಬೇಕಾದದ್ದಾದರೆ 20ನೇ ಕಿಲೋಮೀಟರಿನಲ್ಲಿ ಅದು ನೆನಪಾಗುತ್ತದೆ.

ಇಂಗ್ಲೆಂಡಿನ ಇನೋವ್-8 ಕಂಪನಿಯನ್ನೇ ತಗೊಳ್ಳಿ. 2003ರಲ್ಲಿ ಶುರುವಾದದ್ದು, ಮನೆ ಲೇಕ್ ಡಿಸ್ಟ್ರಿಕ್ಟ್ ಗುಡ್ಡಗಳಲ್ಲಿ. ಶೂವಿನ ಹೆಸರಿನಲ್ಲೇ ತೂಕ ಬರೆಯುವುದು ಅವರ ಪದ್ಧತಿಯಾಗಿತ್ತು. ಎಕ್ಸ್-ಟ್ಯಾಲನ್ 212 ಅಂದರೆ 212 ಗ್ರಾಂ. ಅಡಿಯಲ್ಲಿ ಆಳವಾದ ಹಲ್ಲು, ನಡುವೆ ತೆಳ್ಳಗಿನ ಫೋಮ್. ಅಲ್ಲಿಯ ಫೆಲ್ ಓಟಗಳಿಗೆ, ಅಂದರೆ ಗುಡ್ಡದ ಓಟಗಳಿಗೆ, ಅದು ಹೇಳಿ ಮಾಡಿಸಿದ ಶೂ. ಆ ಗುಡ್ಡಗಳಲ್ಲಿ ಕಾಲಡಿ ಸಿಗುವುದು ಒದ್ದೆ ಹುಲ್ಲು, ಜೌಗು ಮಣ್ಣು. ನೆಲವೇ ಮೆತ್ತಗಿದೆ, ಫೋಮ್ ಯಾಕೆ? ಓಟವೂ ಬಹಳಷ್ಟು ಸಲ ಒಂದೆರಡು ಗಂಟೆಯದ್ದು. ಅವರು ಕಿತ್ತದ್ದು ಅವರಿಗೆ ಬೇಡದ್ದನ್ನೇ. ಅದೇ ಶೂ ಹಾಕಿಕೊಂಡು ತೋಟದ ಜೀಪು ದಾರಿಯಲ್ಲಿ 5 ಗಂಟೆ ಓಡಿದರೆ ಅಂಗಾಲು ಕೇಳುವುದಿಲ್ಲ.

ನಿಮ್ಮ ನೆಲ ಹೇಗಿರುತ್ತದೆ ಅಂತ ನೋಡೋಣ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಕೆಂಪು ಮಣ್ಣು ನೆನೆದು ಗಾರೆಯಾಗಿರುತ್ತದೆ. ಜೀಪು ಹೂತುಕೊಳ್ಳಬಾರದು ಅಂತ ತೋಟದವರು ಏರಿನಲ್ಲಿ ದಪ್ಪ ಕಲ್ಲು ಹಾಕಿಸಿರುತ್ತಾರೆ. ಆ ಕಲ್ಲಿನ ಮೇಲೆ ಪಾಚಿ. ಮೋರಿ ದಾಟಿದರೆ ಹಳ್ಳ, ಹಳ್ಳ ದಾಟಿದರೆ ಬೇರು. ನವೆಂಬರಿನ ಹೊತ್ತಿಗೆ ಕೆಸರು ಬಹುಪಾಲು ಗಟ್ಟಿಯಾಗಿರುತ್ತದೆ. ಆದರೆ ಬೆಳಗಿನ ಇಬ್ಬನಿಗೆ ಎಲ್ಲವೂ ತೊಯ್ದಿರುತ್ತದೆ. ಸಿಲ್ವರ್ ಓಕ್ ತರಗು ದಾರಿ ತುಂಬ ಬಿದ್ದು ಅಡಿಯ ಕಲ್ಲನ್ನೆಲ್ಲ ಮುಚ್ಚಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನವೆಂಬರಿನಲ್ಲೂ ಮಳೆ ಬಂದೇ ಬರುತ್ತದೆ. ತೋಟ ಬಿಟ್ಟು ಗುಡ್ಡ ಹತ್ತಿದ ಮೇಲೆ ಹುಲ್ಲು, ಹುಲ್ಲಿನ ಕೆಳಗೆ ಸಡಿಲ ಗರಸು. ಒಂದೇ ಓಟದಲ್ಲಿ ಇಷ್ಟು ಥರದ ನೆಲ. ಕೆಸರಿಗೆ ಮಾತ್ರ ಅಂತ ಮಾಡಿದ ಶೂ ಇಲ್ಲಿ ಬೇಡ, ಒಣ ಬಂಡೆಗೆ ಮಾತ್ರ ಅಂತ ಮಾಡಿದ್ದೂ ಬೇಡ.

ಅಡಿಯ ಸೋಲ್‌ನಿಂದಲೇ ಶುರು ಮಾಡಿ. ಶೂ ತಿರುಗಿಸಿ ನೋಡುವುದು ಮೊದಲ ಕೆಲಸ. ಬಣ್ಣ ಆಮೇಲೆ ನೋಡಿದರಾಯಿತು.

ಅಡಿಯಲ್ಲಿ ಎದ್ದಿರುವ ಹಲ್ಲುಗಳಿಗೆ ಲಗ್ ಎನ್ನುತ್ತಾರೆ. 2–3 ಮಿ.ಮೀ. ಲಗ್ ಇರುವವು ಗಟ್ಟಿ ಮಣ್ಣಿನ ದಾರಿಗೆ, ಪಾರ್ಕಿಗೆ. 6 ಮಿ.ಮೀ. ದಾಟಿದವು ಅಪ್ಪಟ ಕೆಸರಿಗೆ. ಗಟ್ಟಿ ಕಲ್ಲಿನ ಮೇಲೆ ಆ ಉದ್ದ ಹಲ್ಲುಗಳು ಬಾಗುತ್ತವೆ, ಕಾಲು ಅಲ್ಲಾಡಿದ ಹಾಗಾಗುತ್ತದೆ. ನಿಮಗೆ ನಡುವಿನದ್ದು ಸರಿ. ಹಲ್ಲುಗಳ ನಡುವೆ ಜಾಗ ಎಷ್ಟಿದೆ ಅನ್ನುವುದನ್ನೂ ನೋಡಿ. ಒತ್ತೊತ್ತಾಗಿದ್ದರೆ ಕೆಂಪು ಮಣ್ಣು ಕಚ್ಚಿಕೊಂಡು ಬಿಡುವುದೇ ಇಲ್ಲ. ಹತ್ತು ಹೆಜ್ಜೆಯಲ್ಲಿ ಸೋಲ್ ನುಣ್ಣಗಾಗುತ್ತದೆ, ಜೊತೆಗೆ ಕಾಲಿಗೆ ಕಾಲು ಕೆ.ಜಿ. ಮಣ್ಣು. ಆಗ ಡಬ್ಬಿಯ ಮೇಲೆ ಬರೆದ ಗ್ರಾಮಿಗೆ ಅರ್ಥವೇ ಇಲ್ಲ, ಅಲ್ವಾ? ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ಮಳೆ ಬಂದಾಗ ಓಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾಲಿನ ಹಲ್ಲು ಒಂದು ದಿಕ್ಕಿಗೆ, ಹಿಮ್ಮಡಿಯದ್ದು ಅದಕ್ಕೆ ಎದುರು ದಿಕ್ಕಿಗೆ ಮುಖ ಮಾಡಿದ್ದರೆ ಒಳ್ಳೆಯದು. ಮೊದಲನೆಯದು ಹತ್ತುವಾಗ ಕಚ್ಚುತ್ತದೆ, ಎರಡನೆಯದು ಇಳಿಯುವಾಗ ತಡೆಯುತ್ತದೆ.

ಲಗ್‌ಗಿಂತ ದೊಡ್ಡ ವಿಷಯ ರಬ್ಬರ್. ಒದ್ದೆ ಕಲ್ಲಿನ ಮೇಲೆ ನಿಮ್ಮನ್ನು ಹಿಡಿದು ನಿಲ್ಲಿಸುವುದು ಹಲ್ಲಿನ ಉದ್ದವಲ್ಲ, ರಬ್ಬರಿನ ಮೆದುತನ. ಸೋಲ್ ಮಾಡುವ ವೈಬ್ರಾಮ್ ಕಂಪನಿಯವರ ಮೆಗಾಗ್ರಿಪ್ ರಬ್ಬರಿಗೆ ಹೆಸರು ಬಂದಿರುವುದು ಇದಕ್ಕೇ. ಹೆಬ್ಬೆರಳ ಉಗುರನ್ನು ಲಗ್ ಮೇಲೆ ಒತ್ತಿ ನೋಡಿ. ಉಗುರು ಸ್ವಲ್ಪ ಇಳಿದು, ಬಿಟ್ಟ ಕೂಡಲೇ ಗುರುತು ಮಾಯವಾದರೆ ಒಳ್ಳೆಯ ಲಕ್ಷಣ. ಪ್ಲಾಸ್ಟಿಕ್ ಥರ ಗಟ್ಟಿ ಇದ್ದರೆ ಬಾಳಿಕೆ ಬರುತ್ತದೆ, ಆದರೆ ಮೋರಿಯ ಒದ್ದೆ ಸಿಮೆಂಟಿನ ಮೇಲೆ ಜಾರುತ್ತದೆ. ಇನ್ನೊಂದು ಪರೀಕ್ಷೆ ಇದೆ, ಅಂಗಡಿಯವರನ್ನು ಕೇಳಿಯೇ ಮಾಡಿ: ನೆಲದ ಟೈಲ್ಸ್ ಮೇಲೆ ನಾಲ್ಕು ಹನಿ ನೀರು ಹಾಕಿ, ಶೂ ಹಾಕಿಕೊಂಡು ಮುಂಗಾಲಿನಲ್ಲಿ ತಿರುಚಿ ನೋಡಿ. ಒಂದೇ ಅಂಗಡಿಯ ಎರಡು ಶೂಗಳ ನಡುವೆ ಎಷ್ಟು ಫರಕು ಇದೆ ಅಂತ ಆಶ್ಚರ್ಯ ಆಗುತ್ತದೆ. ಹಾಗಂತ ಪಾಚಿಯ ಮೇಲೆ ಯಾವ ರಬ್ಬರನ್ನೂ ನಂಬಬೇಡಿ. ಅಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಪಾದ ಪೂರ್ತಿ ಊರಿ ದಾಟುವುದೊಂದೇ ದಾರಿ.

ಹಗುರ ಮಾಡುವಾಗ ಮೊದಲು ಕತ್ತರಿ ಬೀಳುವುದು ಈ ರಬ್ಬರಿಗೇ, ಯಾಕೆಂದರೆ ಶೂನಲ್ಲಿ ಅದು ಭಾರದ ವಸ್ತು. ಸೋಲಿನ ಮಧ್ಯಭಾಗದಲ್ಲಿ ರಬ್ಬರ್ ಬಿಟ್ಟು ಫೋಮನ್ನೇ ತೆರೆದಿಟ್ಟಿರುತ್ತಾರೆ. ರಸ್ತೆಯ ಶೂಗೆ ಅದು ನಡೆಯುತ್ತದೆ. ಕಲ್ಲಿನ ದಾರಿಯಲ್ಲಿ ಆ ತೆರೆದ ಫೋಮನ್ನು ಚೂಪು ಕಲ್ಲು ಕಿತ್ತು ತಿನ್ನುತ್ತದೆ.

ಎರಡನೇ ಕತ್ತರಿ ರಾಕ್ ಪ್ಲೇಟಿಗೆ. ಅದು ಮುಂಗಾಲಿನ ಕೆಳಗೆ ಫೋಮಿನ ನಡುವೆ ಕೂಡಿಸಿದ ತೆಳು ಪ್ಲಾಸ್ಟಿಕ್ ಹಾಳೆ. ಕಲ್ಲಿನ ಮೊನೆ ಅಂಗಾಲಿಗೆ ಚುಚ್ಚದಂತೆ ಅದು ತಡೆಯುತ್ತದೆ. ಇದನ್ನು ಪರೀಕ್ಷೆ ಮಾಡುವುದು ಸುಲಭ. ಒಂದು ಕೈ ಬೆರಳನ್ನು ಶೂವಿನೊಳಗೆ ಮುಂಗಾಲಿನ ಜಾಗದಲ್ಲಿ ಇಡಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೆಳಗಿನಿಂದ ಜೋರಾಗಿ ಒತ್ತಿ. ಒಳಗಿನ ಬೆರಳಿಗೆ ಹೆಬ್ಬೆರಳು ಸ್ಪಷ್ಟವಾಗಿ ತಾಗಿದರೆ, 74 ಕೆ.ಜಿ. ಮೇಲಿಂದ ಬಿದ್ದಾಗ ಜಲ್ಲಿ ಹೇಗೆ ತಾಗುತ್ತದೆ ಊಹಿಸಿ. ಫೋಮ್ ದಪ್ಪವಿರುವ ಶೂಗಳಲ್ಲಿ ಪ್ಲೇಟ್ ಇಲ್ಲದಿದ್ದರೂ ನಡೆಯುತ್ತದೆ. ತೆಳು ಫೋಮು, ಪ್ಲೇಟೂ ಇಲ್ಲ ಅಂದರೆ ನಿಮ್ಮ 30 ಕಿ.ಮೀ.ಗೆ ಅದು ಬೇಡ.

ಫೋಮ್ ದಪ್ಪ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ಅಂದುಕೊಳ್ಳಬೇಡಿ. ಪಾದ ನೆಲದಿಂದ ಎತ್ತರ ಹೋದಷ್ಟೂ, ಕಲ್ಲಿನ ಅಂಚಿಗೆ ಕಾಲು ಬಿದ್ದಾಗ ಗಿಣ್ಣು ಹೊರಳುವುದು ಜೋರಾಗಿರುತ್ತದೆ. ಗುಡ್ಡದ ಇಳಿಜಾರಿನಲ್ಲಿ ಈ ಉಳುಕಿನ ಕಾಟ ಜಾಸ್ತಿ. ಹಿಮ್ಮಡಿಯ ಕೆಳಗೆ 28ರಿಂದ 33 ಮಿ.ಮೀ. ಒಂದು ಒಳ್ಳೆಯ ಮಧ್ಯಮಾರ್ಗ. ರಸ್ತೆಯಲ್ಲಿ ಹೆಸರು ಮಾಡಿರುವ ಕಾರ್ಬನ್ ಪ್ಲೇಟು, ಅತಿ ಪುಟಿಯುವ ಫೋಮು ಈಗ ಟ್ರೇಲಿಗೂ ಬಂದಿವೆ. ನೀವು ಸದ್ಯಕ್ಕೆ ಅವುಗಳ ಬೆಲೆ ಚೀಟಿಯನ್ನೂ ನೋಡಬೇಡಿ.

ಡ್ರಾಪ್ ಬಗ್ಗೆ ನೀವು ಕೇಳಲಿಲ್ಲ, ಆದರೆ ಹೇಳಲೇಬೇಕು. ಹಿಮ್ಮಡಿ ಮುಂಗಾಲಿಗಿಂತ ಎಷ್ಟು ಎತ್ತರದಲ್ಲಿದೆ ಅನ್ನುವ ಅಳತೆ ಅದು. ರಸ್ತೆಯ ಶೂಗಳಲ್ಲಿ ಸಾಮಾನ್ಯವಾಗಿ 8–10 ಮಿ.ಮೀ. ಇರುತ್ತದೆ. ಡ್ರಾಪ್ ಕಡಿಮೆಯಾದಷ್ಟೂ ಮೀನಖಂಡಕ್ಕೆ, ಹಿಮ್ಮಡಿಯ ಮೇಲಿನ ನರದಂಥ ಗಟ್ಟಿ ಪಟ್ಟಿಗೆ ಕೆಲಸ ಜಾಸ್ತಿ. ಹಗುರ ಶೂಗಳಲ್ಲಿ ಬಹಳಷ್ಟು ಡ್ರಾಪ್ ಕಡಿಮೆ ಇರುವಂಥವೇ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೂಢಿಯ ಶೂನಲ್ಲಿ ಓಡುತ್ತಿದ್ದವರಲ್ಲಿ ಒಂದು ಗುಂಪನ್ನು 10 ವಾರದಲ್ಲಿ ಬೆರಳು ಬೆರಳಿಗೂ ಬೇರೆ ಗೂಡಿರುವ ತೀರಾ ತೆಳು ಶೂಗೆ ಬದಲಾಯಿಸಿದರು. ಹಂತ ಹಂತವಾಗಿಯೇ ಬದಲಾಯಿಸಿದ್ದು. ಆದರೂ ಎಂ.ಆರ್.ಐ. ಮಾಡಿ ನೋಡಿದಾಗ ಆ ಗುಂಪಿನ ಅರ್ಧದಷ್ಟು ಜನರ ಪಾದದ ಮೂಳೆಯೊಳಗೆ ಊತ ಹೆಚ್ಚಾಗಿತ್ತು. ನಿಮಗೆ ನವೆಂಬರಿನವರೆಗೆ ಸಮಯ ಇದೆ ನಿಜ. ಆದರೆ ಏರು, ಇಳಿಜಾರು, ಕೆಸರು ಎಲ್ಲವೂ ಹೊಸದು. ಅದರ ಜೊತೆ ಡ್ರಾಪನ್ನೂ 10ರಿಂದ ಸೊನ್ನೆಗೆ ಇಳಿಸುವುದು ಬೇಡ. 4ರಿಂದ 8ರ ಒಳಗೆ ಹುಡುಕಿ.

ಇನ್ನು ಚಪ್ಪಟೆ ಪಾದದ ವಿಷಯ. ಈ ಮಾತು ಅಂಗಡಿಗಳಲ್ಲಿ ತುಂಬ ಅಗ್ಗವಾಗಿ ಸಿಗುತ್ತದೆ. ನಮ್ಮ ಮಣಿಪಾಲದಲ್ಲೇ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ. ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೂಳೆ ವೈದ್ಯರು 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲಿನ ಮಕ್ಕಳಲ್ಲಿ ಶೇ. 2.8. ಅದರಲ್ಲೂ ಮುಂದೆ ಮುಚ್ಚಿದ ಶೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಇದು ಮಕ್ಕಳ ಮಾತು. 38ರ ನೀವು ಶೂ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಪಾದ ಚಪ್ಪಟೆ ಕಂಡ ಕೂಡಲೇ ಗಟ್ಟಿ, ಭಾರದ ಶೂವೇ ಮದ್ದು ಅನ್ನುವುದಕ್ಕೆ ಆಧಾರ ಸಾಲದು. ಎರಡು ವರ್ಷ ಓಡಿದ್ದೀರಿ, ಹಾಫ್ ಮುಗಿಸಿದ್ದೀರಿ. ನೋವಿನ ಬಗ್ಗೆ ಏನೂ ಬರೆದಿಲ್ಲ. ನೋವಿಲ್ಲ ಅಂದರೆ ನಿಮ್ಮ ಪಾದ ಇರುವ ಹಾಗೆ ಚೆನ್ನಾಗಿದೆ. ಪಾದದ ಒಳಬದಿಯಲ್ಲೋ ಮಂಡಿಯಲ್ಲೋ ಓಡಿದಾಗೆಲ್ಲ ನೋವು ಬರುತ್ತಿದ್ದರೆ ಮೂಳೆ ವೈದ್ಯರನ್ನು ಅಥವಾ ಫಿಸಿಯೋ ಒಬ್ಬರನ್ನು ಕಾಣಿ. ಅದನ್ನು ತೀರ್ಮಾನ ಮಾಡಬೇಕಾದವರು ಶೂ ಮಾರುವವರಲ್ಲ.

ಪಾದ ಮುಂದೆ ಅಗಲ ಅಂದಿರಲ್ಲ, ಅದು ಮಾತ್ರ ನಿಜವಾಗಿಯೂ ತಲೆ ಕೆಡಿಸಿಕೊಳ್ಳಬೇಕಾದ ವಿಷಯ. ನೀವೊಬ್ಬರೇ ಅಲ್ಲ. ಬೆಲ್ಜಿಯಂನ ಸಂಶೋಧಕರು ದಕ್ಷಿಣ ಭಾರತದಲ್ಲಿ ಜೀವಮಾನವೆಲ್ಲ ಬರಿಗಾಲಲ್ಲಿ ನಡೆದವರ ಪಾದ ಅಳೆದು 2009ರಲ್ಲಿ ಪ್ರಕಟಿಸಿದರು. ಶೂ ಹಾಕಿಯೇ ಬೆಳೆದ ಯುರೋಪಿನವರ ಪಾದಕ್ಕಿಂತ ಇವರ ಪಾದದ ಮುಂಭಾಗ ಅಗಲ ಇತ್ತು. ಚಿಕ್ಕಂದಿನಲ್ಲಿ ಗದ್ದೆ, ಅಂಗಳ ಅಂತ ಬರಿಗಾಲಲ್ಲಿ ಓಡಾಡಿದ ನಮ್ಮ ಕಡೆಯವರು ಅನೇಕರಿಗೆ ಕಿರುಬೆರಳ ಕಡೆ ಶೂ ಬಿಗಿಯುವುದು ಇದಕ್ಕೇ ಇರಬೇಕು. ಹಗುರ ರೇಸಿಂಗ್ ಶೂಗಳನ್ನು ಕಿರಿದಾದ ಅಚ್ಚಿನ ಮೇಲೆ ಹೊಲಿಯುವುದು ರೂಢಿ. ಕಡಿಮೆ ಬಟ್ಟೆ, ಬಿಗಿ ಹಿಡಿತ. ಅಗಲ ಕಾಲಿನವರು ಆಗ ಒಂದು ಸೈಜು ದೊಡ್ಡದು ತಗೊಂಡು ಸುಧಾರಿಸಿಕೊಳ್ಳುತ್ತಾರೆ. ಅಗಲ ಸರಿಹೋಗುತ್ತದೆ, ಉದ್ದ ಜಾಸ್ತಿಯಾಗುತ್ತದೆ, ಇಳಿಜಾರಿನಲ್ಲಿ ಕಾಲು ಒಳಗೇ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತದೆ.

ಅದಕ್ಕೆ ಒಂದು ಸುಲಭದ ಉಪಾಯ. ಶೂವಿನೊಳಗಿನ ಇನ್‌ಸೋಲ್ ಹೊರಗೆ ತೆಗೆದು ನೆಲದ ಮೇಲಿಟ್ಟು ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಕಿರುಬೆರಳೋ ಹೆಬ್ಬೆರಳಿನ ಬುಡವೋ ಅಂಚು ದಾಟಿ ಹೊರಗೆ ಬಂದರೆ, ಆ ಶೂ ಎಷ್ಟೇ ಹಗುರವಿದ್ದರೂ ವಾಪಸ್ ಇಡಿ. ಮುಂದೆ ಉದ್ದ ಬೆರಳಿನಿಂದ ಹೆಬ್ಬೆರಳಿನಗಲ ಜಾಗ ಇರಬೇಕು. ಸಂಜೆ ಹೊತ್ತು ಹೋಗಿ, ಕಾಲು ಅಷ್ಟೊತ್ತಿಗೆ ಸ್ವಲ್ಪ ಊದಿರುತ್ತದೆ, 5 ಗಂಟೆ ಓಟದಲ್ಲೂ ಊದುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಒಯ್ಯಿರಿ. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ನಾಲ್ಕು ಸಲ ದಡಬಡ ಇಳಿಯಿರಿ. ಬೆರಳು ಮುಂದೆ ತಾಗಿತೋ, ಮೊದಲು ಲೇಸ್ ಸರಿ ಮಾಡಿ ನೋಡಿ. ಲೇಸಿನ ತೂತುಗಳಲ್ಲಿ ಎಲ್ಲಕ್ಕಿಂತ ಮೇಲೆ, ಹಿಂದಕ್ಕೆ ಸರಿದಂತೆ ಇರುವ ಒಂದು ತೂತನ್ನು ಬಹಳ ಜನ ಖಾಲಿ ಬಿಡುತ್ತಾರೆ. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಒಂದು ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗಿಂದ ಎಳೆದು ಕಟ್ಟಿ. ಹಿಮ್ಮಡಿ ಅಲ್ಲೇ ಕೂತುಕೊಳ್ಳುತ್ತದೆ. ಅಷ್ಟು ಮಾಡಿಯೂ ತಾಗಿದರೆ ಶೂ ನಿಮ್ಮದಲ್ಲ.

ಶೂವಿನ ತುದಿಯಲ್ಲಿ ಗಟ್ಟಿ ರಬ್ಬರಿನ ಮುಚ್ಚಿಗೆ ಇದೆಯಾ ಅಂತಲೂ ನೋಡಿ. ತರಗಿನ ಕೆಳಗಿನ ಕಲ್ಲಿಗೆ ನೀವು ಎಡವುವುದು ಗ್ಯಾರಂಟಿ. ತೀರಾ ಹಗುರ ಶೂಗಳಲ್ಲಿ ಅಲ್ಲೊಂದು ತೆಳು ಪ್ಲಾಸ್ಟಿಕ್ ಲೇಪ ಮಾತ್ರ ಇರುತ್ತದೆ.

ವಾಟರ್‌ಪ್ರೂಫ್ ಯಾಕೆ ಬೇಡ? ಅಂಥ ಶೂಗಳಲ್ಲಿ ಬಟ್ಟೆಯ ಒಳಗಿರುವ ನೀರು ತಡೆಯುವ ಪೊರೆ ಹುಲ್ಲಿನ ಇಬ್ಬನಿಯನ್ನು ತಡೆಯುತ್ತದೆ, ನಿಜ. ಆದರೆ ಮಲೆನಾಡಿನಲ್ಲಿ ನೀರು ಬರುವುದು ಕಾಲು ಹಾಕುವ ತೂತಿನಿಂದ. ಹಳ್ಳದಲ್ಲಿ ಗಿಣ್ಣಿನ ತನಕ ಮುಳುಗಿತು ಅಂದರೆ ಒಳಗೆ ಬಂದ ನೀರು ಹೊರಗೆ ಹೋಗುವುದಿಲ್ಲ. ಬೆವರೂ ಸೇರುತ್ತದೆ. ಚರ್ಮ ಬೆಳ್ಳಗೆ ಸುಕ್ಕಾಗಿ ಬೊಬ್ಬೆ ಏಳುತ್ತದೆ. ಚಳಿ ದೇಶದಲ್ಲಿ, ಹಿಮದಲ್ಲಿ ನಡೆಯುವವರಿಗೆ ಅದು ಬೇಕು. ನಮಗೆ ನೀರು ಬಂದಷ್ಟೇ ಬೇಗ ಹೊರಗೆ ಹೋಗುವ ಮೆಶ್ ಬೇಕು. ಲೇಸಿನ ಕೆಳಗಿರುವ ನಾಲಗೆಯ ಎರಡೂ ಬದಿಯನ್ನು ಒಳಗೆ ಹೊಲಿದಿದ್ದರೆ ಇನ್ನೂ ಒಳ್ಳೆಯದು. ಗರಸು, ತರಗಿನ ಪುಡಿ ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಇಂಬಳಕ್ಕೂ ದಾರಿ ಸ್ವಲ್ಪ ಕಷ್ಟವಾಗುತ್ತದೆ. ಸ್ವಲ್ಪ ಅಷ್ಟೇ, ಬರುವುದಂತೂ ಬಂದೇ ಬರುತ್ತದೆ. ಒತ್ತು ನೇಯ್ಗೆಯ ಉದ್ದ ಸಾಕ್ಸ್ ಹಾಕಿ. ಹೊಗೆಸೊಪ್ಪು, ಸುಣ್ಣದ ಉಪಾಯ ನಿಮಗೆ ತೋಟದವರೇ ಹೇಳಿಕೊಡುತ್ತಾರೆ.

ತೂಕದ ಅಂಕಿ ಓದುವುದರಲ್ಲೂ ಒಂದು ವರಸೆ ಇದೆ. ಕಂಪನಿಗಳು ಬರೆಯುವುದು ಒಂದು ಶೂವಿನ ತೂಕ, ಜೊತೆಯದ್ದಲ್ಲ. ಅದೂ ಸಾಮಾನ್ಯವಾಗಿ ಗಂಡಸರ ಯುಕೆ 8 ಅಥವಾ 8.5 ಸೈಜಿನದ್ದು. ನಿಮ್ಮ 10ಕ್ಕೆ ಬರುವಾಗ ಹದಿನೈದಿಪ್ಪತ್ತು ಗ್ರಾಂ ಏರಿರುತ್ತದೆ. ಆದ್ದರಿಂದ ಕಾಗದದ ಮೇಲೆ 255–290 ಅಂತ ಇದ್ದರೆ ನಿಮ್ಮ ಕಾಲಿಗೆ ನಾನು ಹೇಳಿದ 270–310 ಆಗುತ್ತದೆ. ಅದಕ್ಕಿಂತ ಮುಖ್ಯ ಒದ್ದೆ ತೂಕ. ಮನೆಯಲ್ಲಿ ಅಡಿಗೆಯ ತಕ್ಕಡಿ ಇದ್ದರೆ ನಿಮ್ಮ ಈಗಿನ ರಸ್ತೆ ಶೂವನ್ನು ಒಣಗಿದ್ದಾಗ ತೂಗಿ. ಬಕೆಟ್ಟಿನಲ್ಲಿ ಮುಳುಗಿಸಿ, ಎತ್ತಿ, ಐದು ನಿಮಿಷ ನೀರು ಸೋರಲು ಬಿಟ್ಟು ಮತ್ತೆ ತೂಗಿ. ಹಿಮ್ಮಡಿಯ ಸುತ್ತ, ನಾಲಗೆಯಲ್ಲಿ ದಪ್ಪ ಸ್ಪಂಜು ಇರುವ ಶೂ ಆದರೆ ಅಂಕಿ ನೋಡಿ ಗಾಬರಿಯಾಗುತ್ತೀರಿ. ಮಳೆಗಾಲದಲ್ಲಿ ನೀವು ಹೊತ್ತು ಓಡುವುದು ಆ ಎರಡನೇ ಅಂಕಿಯನ್ನು. ಅದಕ್ಕೇ ಅಂಗಡಿಯಲ್ಲಿ ನಾಲಗೆಯನ್ನು ಬೆರಳ ನಡುವೆ ಹಿಸುಕಿ ನೋಡಿ. ತೆಳುವಾಗಿರುವುದೇ ಬೇಕು. ಕಿತ್ತರೆ ಖುಷಿಪಡಬೇಕಾದದ್ದು ಈ ಸ್ಪಂಜನ್ನೇ.

ಹೆಸರು ಹೇಳಿ ಅಂತ ಕೇಳಿಲ್ಲವಾದರೂ ಕೇಳುತ್ತೀರಿ ಅಂತ ಗೊತ್ತು. ಹೋಕಾ ಸ್ಪೀಡ್‌ಗೋಟ್ ನಿಮ್ಮ ಓಟಕ್ಕೆ ಸರಿಹೊಂದುವ ಜಾತಿಯದ್ದು: ವೈಬ್ರಾಮ್ ಸೋಲ್, ಸುಮಾರು 5 ಮಿ.ಮೀ. ಲಗ್, ಫೋಮ್ ನಾನು ಹೇಳಿದ್ದಕ್ಕಿಂತ ದಪ್ಪ ಇದ್ದೂ ತೂಕ ಮಿತಿಯಲ್ಲಿದೆ. ಅಗಲದ ಅಳತೆಯಲ್ಲೂ ಅದನ್ನು ಮಾಡುತ್ತಾರೆ, ಸಿಕ್ಕರೆ ಅದನ್ನೇ ನೋಡಿ. ಸಾಲೊಮನ್ ಸ್ಪೀಡ್‌ಕ್ರಾಸ್ ಕೆಸರಿನ ರಾಜ. ಮಳೆಗಾಲಕ್ಕೆ ಚೆಂದ, ಆದರೆ ಮುಂಭಾಗ ಕಿರಿದು, ಗಟ್ಟಿ ನೆಲದ ಮೇಲೆ ಅದರ ಹಲ್ಲು ಬೇಗ ಸವೆಯುತ್ತದೆ. ಆಲ್ಟ್ರಾ ಲೋನ್ ಪೀಕ್‌ನಲ್ಲಿ ಬೆರಳಿಗೆ ಬೇಕಾದಷ್ಟು ಜಾಗ, ನಿಮ್ಮ ಪಾದಕ್ಕೆ ಹಬ್ಬ. ಡ್ರಾಪ್ ಮಾತ್ರ ಸೊನ್ನೆ, ಹಾಗಾಗಿ ಮುಂದಿನ ವರ್ಷಕ್ಕಿರಲಿ. ಇವುಗಳ ಹೊಸ ಮಾಡೆಲ್ ನಿಮ್ಮ ಬಜೆಟ್ ದಾಟಬಹುದು. ಹಿಂದಿನ ವರ್ಷದ್ದು ರಿಯಾಯಿತಿಗೆ ಸಿಕ್ಕರೆ ಧಾರಾಳವಾಗಿ ತಗೊಳ್ಳಿ, ಬಣ್ಣ ಬಿಟ್ಟು ದೊಡ್ಡ ಬದಲಾವಣೆ ಇರುವುದು ಕಮ್ಮಿ. ತೀರಾ ಹಳೆಯ ಸ್ಟಾಕ್ ಮಾತ್ರ ಬೇಡ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಶೂಗಳ ಅಂಟು ಒಣಗಿ ಸೋಲ್ ಬಾಯಿ ಬಿಡುತ್ತದೆ. ಡೆಕಾಥ್ಲಾನ್‌ನವರ ಟ್ರೇಲ್ ಶೂಗಳು ನಿಮ್ಮ ಬಜೆಟ್ಟಿಗೆ ತುಂಬ ಕೆಳಗೇ ಸಿಗುತ್ತವೆ. ಅವನ್ನು ಕೀಳಾಗಿ ನೋಡಬೇಡಿ. ಮೇಲಿನ ಉಗುರು, ಹೆಬ್ಬೆರಳು, ಇನ್‌ಸೋಲ್ ಪರೀಕ್ಷೆಗಳಲ್ಲಿ ಪಾಸಾದರೆ ಸಾಕು, ಉಳಿದ ದುಡ್ಡಿನಲ್ಲಿ ಒಳ್ಳೆಯ ಸಾಕ್ಸ್ ಮತ್ತು ನೀರಿನ ಚೀಲ ಬರುತ್ತದೆ.

200 ಗ್ರಾಂ ಶೂಗಳಿಗೂ ಜಾಗ ಇದೆ. ರಾಮನಗರದ ಒಣ ಬಂಡೆಗಳ ಮೇಲೆ ಒಂದು ಗಂಟೆಯ ಓಟ, ಅಥವಾ ಬೆಟ್ಟದ ಬುಡದಿಂದ ತುದಿಗೆ ಹತ್ತಿ ಮುಗಿಯುವ ಸ್ಪರ್ಧೆ. ಅಲ್ಲಿ ಆ ಹಗುರ ಮೈಮರೆಸುವಂಥದ್ದು. ನಿಮ್ಮ ಗೆಳೆಯರು ಬಹುಶಃ ಅಂಥ ಓಟವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳಿರಬೇಕು. ಒಂದೆರಡು ಸೀಸನ್ ಗುಡ್ಡದಲ್ಲಿ ಓಡಿ, ಪಾದವೂ ಮೀನಖಂಡವೂ ಗಟ್ಟಿಯಾದ ಮೇಲೆ ನೀವೂ ಅದನ್ನು ಸಣ್ಣ ಓಟಗಳಿಗೆ ಹಾಕಿ ನೋಡಿ.

ಹೊಸ ಶೂ ಆಗಸ್ಟಿನೊಳಗೆ ಕೈಯಲ್ಲಿರಲಿ. ಮೊದಲು ವಾರಕ್ಕೆ ಒಂದು ಸಲ, 5–6 ಕಿ.ಮೀ., ಆಮೇಲೆ ವಾರಾಂತ್ಯದ ಉದ್ದ ಓಟಗಳಿಗೆ. ಓಟದ ದಿನಕ್ಕೆ ಮುಂಚೆ ಕನಿಷ್ಠ ಒಂದು ಸಲ 20 ಕಿ.ಮೀ.ಗಿಂತ ಹೆಚ್ಚು ಅದರಲ್ಲೇ, ಒದ್ದೆ ಕಾಲಲ್ಲೇ ಓಡಿರಬೇಕು. ಎಲ್ಲಿ ಉಜ್ಜುತ್ತದೆ ಅನ್ನೋದು ಆಗಲೇ ಗೊತ್ತಾಗುವುದು. ಬಂದ ಮೇಲೆ ನಲ್ಲಿ ನೀರಲ್ಲಿ ಮಣ್ಣು ತೊಳೆದು, ಇನ್‌ಸೋಲ್ ತೆಗೆದು, ಒಳಗೆ ದಿನಪತ್ರಿಕೆ ತುರುಕಿ ನೆರಳಲ್ಲಿಡಿ. ಒಲೆಯ ಹತ್ತಿರ, ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇಡಬೇಡಿ. ಬಿಸಿಗೆ ಅಂಟು ಬಿಡುತ್ತದೆ.

ಕೊನೆಯದು ರಸ್ತೆಯ ಪ್ರಶ್ನೆ. ಮನೆಯಿಂದ ಮಣ್ಣಿನ ದಾರಿಯವರೆಗೆ ಒಂದೆರಡು ಕಿ.ಮೀ. ಟಾರ್ ಸಿಕ್ಕರೆ ಪರವಾಗಿಲ್ಲ. ವಾರದ ದಿನಗಳ ರಸ್ತೆ ಓಟಕ್ಕೆ ಅದನ್ನು ಹಾಕಬೇಡಿ. ಒದ್ದೆ ಕಲ್ಲು ಹಿಡಿಯುವ ಆ ಮೆದು ರಬ್ಬರೇ ಟಾರಿನ ಮೇಲೆ ಬೇಗ ಸವೆಯುವುದು, ನವೆಂಬರಿಗೆ ಬರುವಷ್ಟರಲ್ಲಿ ಹಲ್ಲಿನ ಮೂಲೆಗಳೆಲ್ಲ ದುಂಡಗಾಗಿರುತ್ತವೆ. ನಿಮ್ಮ ರಸ್ತೆ ಶೂ ಇದೆಯಲ್ಲ, ವಾರದ ದಿನಗಳಿಗೆ ಅದೇ ಇರಲಿ. ಹೊಸದನ್ನು ಮಣ್ಣಿಗೇ ಮೀಸಲಿಡಿ.